ಕೋಲಾರ ಸೀಮೆಯ ಹನುಸಂಧಿ ವಿಚಾರ

ದೇಹದ ಕೀಲುಗಳಲ್ಲೆಲ್ಲ ಬಿಡುವಿಲ್ಲದೆ ದುಡಿದೂ ಹೆಸರು ಗಳಿಸದೆ ಹೋದದ್ದು ದವಡೆಯ ಕೀಲು, ಶಾಸ್ತ್ರದ ಮಾತಿನಲ್ಲಿ ಹನುಸಂಧಿ. ಮಂಡಿನೋವಿಗೆ ಮರುಕವಿದೆ, ಸೊಂಟಕ್ಕೆ ಎಣ್ಣೆಯಿದೆ. ಮಾತು ತಪ್ಪಿದಾಗಲೂ ಜನ ಎಲುಬಿಲ್ಲದ ನಾಲಿಗೆಯನ್ನು ಬಯ್ಯುತ್ತಾರೆಯೇ ಹೊರತು, ಎಲುಬೂ ಇದ್ದು, ಎರಡು ಕಡೆ ಕೀಲೂ ಇದ್ದು, ಆ ನಾಲಿಗೆಗೆ ಬಾಗಿಲು ತೆಗೆದುಕೊಟ್ಟ ದವಡೆಯನ್ನು ಯಾರೂ ವಿಚಾರಿಸುವುದಿಲ್ಲ. ಈ ಅನ್ಯಾಯದ ವಿಚಾರಣೆಗೆ ಕೆಜಿಎಫ್–ಬಂಗಾರಪೇಟೆ ಸೀಮೆಗಿಂತ ತಕ್ಕ ಕ್ಷೇತ್ರ ನಮಗೆ ಕಾಣಲಿಲ್ಲ. ಚಿನ್ನ ಮುಗಿದ ಊರಿನಲ್ಲಿ ಹಲ್ಲಿನ ಕಾಲೇಜು ಇರುವುದು ಆಕಸ್ಮಿಕವೆಂದು ನಾವು ನಂಬುವುದಿಲ್ಲ.

ಮೊದಲು ರಚನೆ. ಕಿವಿಯ ಮುಂದೆ ಬೆರಳೊತ್ತಿ ಬಾಯಿ ತೆಗೆದು ಮುಚ್ಚಿದರೆ ಅಡಿಯಲ್ಲೊಂದು ಗುಬುಟು ಓಡಾಡುತ್ತದೆ. ಅದೇ ಕೆಳದವಡೆಯ ತುದಿಯ ಗುಂಡುತಲೆ. ತಲೆಬುರುಡೆಯಲ್ಲಿ ಅದಕ್ಕೆಂದೇ ಒಂದು ಗುಳಿಯಿದೆ. ತಲೆಗೂ ಗುಳಿಗೂ ನಡುವೆ ನಾರಿನಂಶದ ಒಂದು ಬಿಲ್ಲೆ. ಬಿಲ್ಲೆಯ ಕೆಳಗೊಂದು ಕೋಣೆ, ಮೇಲೊಂದು ಕೋಣೆ. ಬಾಯಿ ಮೊದಲ 20–25 ಮಿ.ಮೀ. ತೆರೆಯುವಾಗ ಗುಂಡುತಲೆ ಹೆಚ್ಚಾಗಿ ಇದ್ದಲ್ಲೇ ತಿರುಗುತ್ತದೆ. ಅದಕ್ಕೂ ಮೀರಿ ತೆರೆಯಬೇಕಾದರೆ ಬಿಲ್ಲೆಯನ್ನೂ ಜೊತೆಗೆ ಕರೆದುಕೊಂಡು ಮುಂದಿನ ದಿಣ್ಣೆಯ ಮೇಲೆ ಜಾರುತ್ತದೆ. ಬಿಲ್ಲೆ ಜಾಗ ತಪ್ಪಿದ್ದರೆ ‘ಟಕ್’ ಎನ್ನುತ್ತದೆ. ಎಡಬಲದ ಕೀಲುಗಳೆರಡೂ ಒಂದೇ ಎಲುಬಿಗೆ ಸೇರಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದು ಅಲುಗುವಂತಿಲ್ಲ. ಸಮ್ಮಿಶ್ರ ಸರ್ಕಾರಗಳನ್ನು ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ದವಡೆ ಇರುವುದು ಅರೆಯುವುದಕ್ಕೆ. ಬೇಕಾದರೆ ಜಲ್ಲಿ ಕ್ರಷರ್ ನೋಡಿ ಎನ್ನುತ್ತಾರೆ. 1858ರಲ್ಲಿ ಅಮೆರಿಕದ ಎಲಿ ವಿಟ್ನಿ ಬ್ಲೇಕ್ ಪೇಟೆಂಟ್ ಪಡೆದ ಆ ಯಂತ್ರಕ್ಕೂ ಅಲುಗದ ದವಡೆಯೊಂದು, ಆಡುವ ದವಡೆಯೊಂದು. ನಡುವೆ ಸಿಕ್ಕ ಕಲ್ಲು ನುಚ್ಚುನೂರು. ಮನುಷ್ಯನೂ ಅಷ್ಟೇ ಎಂದು ಅವರ ವಾದ.

ಈ ವಾದ ಕೋಲಾರ ಜಿಲ್ಲೆಯ ಊಟದ ಎಲೆಯ ಮುಂದೆ ನಿಲ್ಲುವುದಿಲ್ಲ. ಇಲ್ಲಿನ ಮುಖ್ಯ ಆಹಾರ ಮುದ್ದೆ. ಮುದ್ದೆ ಮುರಿಯಬೇಕು, ಉಂಡೆ ಮಾಡಬೇಕು, ಬಸ್ಸಾರಿನಲ್ಲಿ ಹೊರಳಿಸಬೇಕು, ನುಂಗಬೇಕು. ಅಗಿಯಲು ಹೊರಟ ಮೊಮ್ಮಗನಿಗೆ ಅಜ್ಜಿ, “ಅಗೀಬ್ಯಾಡ ಕಣೋ, ನುಂಗು. ಹಲ್ಲಿಗೆ ಅಂಟ್ಕಂತದೆ,” ಎಂದು ಗದರುವಲ್ಲಿಗೆ ಅರೆಯುವ ಸಿದ್ಧಾಂತ ಮುಗಿಯಿತು. ಹಿಟ್ಟು ತಿಂದವರು ಬೆಟ್ಟ ಕಿತ್ತಿಟ್ಟರು ಎಂಬ ಗಾದೆಯನ್ನು ಕೆಜಿಎಫ್‌ನವರು ಇನ್ನೂ ಮುಂದಕ್ಕೆ ಒಯ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಕಿತ್ತು ತಂದ ಕಲ್ಲನ್ನು ಪುಡಿಮಾಡಿ, ಚಿನ್ನ ಸೋಸಿಕೊಂಡು ಉಳಿದ ಬೂದಿಮಣ್ಣಿನಿಂದಲೇ ಬೆಟ್ಟ ಮಾಡಿಟ್ಟರು. ಆ ಸೈನೈಡ್ ದಿಬ್ಬಗಳು ಇಂದಿಗೂ ಊರಿನ ಸುತ್ತ ನಿಂತಿವೆ. ಅಷ್ಟೂ ಕೆಲಸದಲ್ಲಿ ಅರೆದದ್ದು ಯಂತ್ರದ ದವಡೆ. ಮನುಷ್ಯನ ದವಡೆ ಮುದ್ದೆಗೆ ದಾರಿಬಿಟ್ಟು ಸುಮ್ಮನಿತ್ತು.

ಹಾಗಾದರೆ ಬಂಗಾರಪೇಟೆಯ ಪಾನಿಪೂರಿ? ಪ್ರಶ್ನೆ ಗಂಭೀರವಾದದ್ದು. ಬೇರೆ ಕಡೆ ಪಾನಿ ಹಸಿರು, ಇಲ್ಲಿ ಕುಡಿಯುವ ನೀರಿನಷ್ಟೇ ತಿಳಿ. ಖಾರ ಎಲ್ಲಿಂದ ಬಂತೆಂಬುದು ಕಣ್ಣಿಗೆ ತಿಳಿಯದು, ಮೂಗಿಗೆ ತಿಳಿಯುತ್ತದೆ. ವೈದ್ಯರು ದವಡೆಯ ಆರೋಗ್ಯ ನೋಡಲು ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಗೆ ಹಿಡಿಸುತ್ತಾರೆ; ದೊಡ್ಡವರ ಬಾಯಿ ಸಾಮಾನ್ಯವಾಗಿ 40–50 ಮಿ.ಮೀ. ತೆರೆಯಬೇಕು. ಬಂಗಾರಪೇಟೆಯಲ್ಲಿ ಈ ಪರೀಕ್ಷೆಯನ್ನು ಗಾಡಿಯವನೇ ಮಾಡುತ್ತಾನೆ. ಗಿರಾಕಿ ಪೂರಿಯನ್ನು ಕಚ್ಚಿ ಅರ್ಧ ಮಾಡಲು ಹೋದರೆ ಪಾನಿ ಮೊಣಕೈವರೆಗೆ ಇಳಿಯುತ್ತದೆ. “ಪೂರ್ತಿ ಬಾಯ್ ತೆಗಿ ಅಣ್ಣಾ,” ಎನ್ನುತ್ತಾನೆ ಅವನು. ಅಣ್ಣ ತೆಗೆಯುತ್ತಾನೆ. ಗುಂಡುತಲೆ ದಿಣ್ಣೆ ಹತ್ತುತ್ತದೆ, ಪೂರಿ ಒಳಗೆ ಹೋಗುತ್ತದೆ, ದವಡೆ ಒಮ್ಮೆ ಮುಚ್ಚುತ್ತದೆ, ಕೆಲಸ ಮುಗಿಯಿತು. ಇದನ್ನು ಅಗಿಯುವುದು ಎನ್ನಲಾಗದು. ತೆಗೆಯುವುದು ಮತ್ತು ಮುಚ್ಚುವುದು ಎನ್ನಬಹುದು.

ಆದ್ದರಿಂದ ನಮ್ಮ ಸಿದ್ಧಾಂತ: ಈ ಸೀಮೆಯಲ್ಲಿ ಹನುಸಂಧಿಯ ಪರಮ ಪ್ರಯೋಜನ, ಗಣಿ ಮತ್ತೆ ತೆಗೆಯುವ ಮಾತಾಡುವುದು. 2001ರ ಫೆಬ್ರವರಿ 28ರಂದು ಗಣಿಯ ಬಾಯಿ ಮುಚ್ಚಿತು. ಅಂದಿನಿಂದ ಉಳಿದ ಬಾಯಿಗಳು ಮುಚ್ಚಿಲ್ಲ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ನೋಡಿ. ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟುವಷ್ಟರಲ್ಲಿ ಒಬ್ಬರ ಆಕಳಿಕೆ ಇಡೀ ಬೋಗಿಗೆ ಹಬ್ಬಿರುತ್ತದೆ. ಬೆಂಗಳೂರಿನ ಕೆಲಸಕ್ಕೆ ಹೊರಟವರು ಆಕಳಿಸಿದ ಬಾಯಿ ಮುಚ್ಚುವ ಮೊದಲೇ, “ಮೈನ್ಸು ಓಪನ್ ಮಾಡ್ತಾರಂತಲ್ಲಾ?” ಎಂದು ಯಾರೋ ಶುರು ಮಾಡಿರುತ್ತಾರೆ. ಉತ್ತರ ತಮಿಳಿನಲ್ಲಿ ಬರುತ್ತದೆ, ಅದರ ಮೇಲಿನ ಅನುಮಾನ ತೆಲುಗಿನಲ್ಲಿ, ನಗು ಎಲ್ಲದರಲ್ಲೂ. 2024ರ ಜೂನ್‌ನಲ್ಲಿ ಸೈನೈಡ್ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿದಾಗ ಬಂಗಾರಪೇಟೆ ಜಂಕ್ಷನ್‌ವರೆಗೂ ದವಡೆಗಳಿಗೆ ಓವರ್‌ಟೈಮ್.

ಆಡುವವರಿಗಷ್ಟೇ ಅಲ್ಲ, ಕೇಳುವವರಿಗೂ ಇದು ದವಡೆಯ ಕೆಲಸವೇ. ಸರೀಸೃಪಗಳಲ್ಲಿ ದವಡೆ ಕೀಲನ್ನು ಕಟ್ಟಿದ್ದ ಎರಡು ಎಲುಬುಗಳು ಕೋಟ್ಯಂತರ ವರ್ಷಗಳಲ್ಲಿ ಚಿಕ್ಕದಾಗುತ್ತ ಹೋಗಿ ಸಸ್ತನಿಗಳ ನಡುಗಿವಿ ಸೇರಿಕೊಂಡವು. ಇಂದು ನಾವು ಕೇಳುವ ಸದ್ದೆಲ್ಲ ಅವುಗಳ ಮೂಲಕವೇ ದಾಟುತ್ತದೆ. ಅಂದರೆ ವೇದಿಕೆಯ ಮೇಲಿನ ಹೊಸ ದವಡೆ ಆಡುವುದನ್ನು ಕೆಳಗೆ ಕೂತವರ ರಿಟೈರಾದ ದವಡೆ ಕೇಳಿಸಿಕೊಳ್ಳುತ್ತದೆ. ರಿಟೈರಾದವರಿಗೆ ಭರವಸೆ ಕೊಡುವ ಪದ್ಧತಿ ಇಷ್ಟು ಹಳೆಯದೆಂದು ನಮಗೂ ಗೊತ್ತಿರಲಿಲ್ಲ.

ಒಂದು ವೈದ್ಯಕೀಯ ಎಚ್ಚರಿಕೆ. ಸುಮ್ಮನಿದ್ದಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ 2–4 ಮಿ.ಮೀ. ಸಂದಿರಬೇಕು. ಹಲ್ಲು ಕಚ್ಚಿಕೊಂಡು ಬದುಕಿದವರಿಗೆ ಕೆನ್ನೆಯ ಸ್ನಾಯು ನೋಯುತ್ತದೆ, ಕೀಲು ನೋಯುತ್ತದೆ, ಕೆಲವರಿಗೆ ತಲೆಯೂ ನೋಯುತ್ತದೆ. ಗಣಿ ಕೆಲಸಗಾರರ ಕಾಲೋನಿಗಳಲ್ಲಿ ಹಾಗೆ ಬದುಕಿದವರು ಬಹಳ ಮಂದಿ. ಈ ಭಾಗವನ್ನು ಅಣಕು ಮಾಡುವ ಧೈರ್ಯ ಪ್ರಬಂಧಕಾರನಿಗಿಲ್ಲ.

ಕೊನೆಯದಾಗಿ ಹನುಭ್ರಂಶ, ಅಂದರೆ ದವಡೆಯ ಕೀಲು ತಪ್ಪುವುದು. ದವಡೆಗೆ ವಜ್ರಾಯುಧದ ಏಟು ತಿಂದ ಆಂಜನೇಯನೇ ಪಕ್ಕದ ಮುಳಬಾಗಿಲಿನಲ್ಲಿ ನೆಲೆಸಿರುವಾಗ ಅದನ್ನು ಬಿಡುವಂತಿಲ್ಲ. ಬಾಯಿ ಅತಿಯಾಗಿ ತೆರೆದರೆ ಗುಂಡುತಲೆ ದಿಣ್ಣೆಯನ್ನು ದಾಟಿ ಆಚೆ ಸಿಕ್ಕಿಕೊಳ್ಳುತ್ತದೆ; ಆಮೇಲೆ ಬಾಯಿ ಮುಚ್ಚುವುದಿಲ್ಲ. ಆಕಳಿಕೆಯಿಂದಲೂ ಆಗುತ್ತದೆ, ಭಾಷಣದಿಂದಲೂ ಆಗಬಹುದು. ಬೆವರಿಸಿ, ಕೂರಿಸಿ, ಪಂಚಾಂಗಿಯೆಂಬ ಪಟ್ಟಿ ಕಟ್ಟು ಎಂದ ಸುಶ್ರುತ. ಇಂದಿನ ವೈದ್ಯರು ಎರಡು ಹೆಬ್ಬೆರಳನ್ನೂ ಕೆಳಗಿನ ಹಿಂಬದಿಯ ಹಲ್ಲುಗಳ ಮೇಲಿಟ್ಟು ಕೆಳಕ್ಕೊತ್ತಿ ಹಿಂದಕ್ಕೆ ತಳ್ಳುತ್ತಾರೆ. ಬೆರಳಿಗೆ ಮೊದಲೇ ಬಟ್ಟೆ ಸುತ್ತಿರಬೇಕು, ಏಕೆಂದರೆ ಕೀಲು ಕೂತ ಕ್ಷಣದಲ್ಲೇ ಹಲ್ಲು ಬೆರಳ ಮೇಲೆ ಕೂರುತ್ತದೆ. ಚುನಾವಣೆಯ ಹೊತ್ತಿನಲ್ಲಿ ವೇದಿಕೆ ಹತ್ತಿ ಈ ಚಿಕಿತ್ಸೆ ಮಾಡಹೊರಟವರು ಇನ್ನೆರಡು ಸುತ್ತು ಹೆಚ್ಚಿಗೆ ಸುತ್ತಿಕೊಳ್ಳುವುದು ಕ್ಷೇಮ.