ಹಳೆಯ ಸರ್ವರಿನ ಪಂಕ್ತಿಭೋಜನ

ಪಂಕ್ತಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಉಣ್ಣುವವರು ಮಜ್ಜಿಗೆ ಅನ್ನ ಮುಗಿಸುವ ತನಕ ಉಳಿದವರು ಏಳಬಾರದೆಂಬ ನಿಯಮವನ್ನು ಮದುವೆಯ ಛತ್ರಗಳು ಕೈಬಿಟ್ಟು ಬಹುಕಾಲವಾಗಿದ್ದರೂ, ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿರುವ ಸಂಪ್ರದಾಯಸ್ಥ ತಾಣವೊಂದು ಇನ್ನೂ ಉಳಿದಿದೆ. ಅದು ಹಳೆಯ ಸರ್ವರಿನ ಹೊಟ್ಟೆ. ಹಲವರ ಕೆಲಸವನ್ನು ಹಗಲಿರುಳೂ ಒಬ್ಬನೇ ಹೊರುವ ಈ ಗಣಕದಲ್ಲಿ, ಪ್ರೊಸೆಸರು ಆ ಕ್ಷಣಕ್ಕೆ ಬೇಕಾದುದನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ತಾತ್ಕಾಲಿಕ ಸ್ಮೃತಿಗೆ ರ‍್ಯಾಮ್ ಎಂದೂ, ಅದರ ಪಟ್ಟಿಗಳು ಕೂರುವ ಸೀಳುಗಳಿಗೆ ಸ್ಲಾಟ್ ಎಂದೂ ಹೆಸರು. ಬೇರೆ ಬೇರೆ ವೇಗದ ಪಟ್ಟಿಗಳನ್ನು ಒಟ್ಟಿಗೆ ಕೂರಿಸಿದರೆ, ಎಲ್ಲವೂ ಅತಿ ಮಂದವಾದುದರ ವೇಗಕ್ಕೆ ಇಳಿದು ನಡೆಯುತ್ತವೆ.

2009ರಲ್ಲಿ ಬಂದ ಡೆಲ್ ಪವರ್‌ಎಡ್ಜ್ ಆರ್710 ಎಂಬ ಸರ್ವರನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಅದರಲ್ಲಿ 18 ಸ್ಲಾಟುಗಳಿದ್ದು, ಎರಡು ಪ್ರೊಸೆಸರುಗಳಿಗೆ ತಲಾ ಒಂಬತ್ತರಂತೆ ಹಂಚಿಹೋಗಿವೆ. ಎರಡನೆಯ ಪ್ರೊಸೆಸರನ್ನು ಹಾಕಿಸದೆಯೇ ಅದರ ಪಾಲಿನ ಸ್ಲಾಟುಗಳಿಗೆ ರ‍್ಯಾಮ್ ತುಂಬಿದವರು, ಬಡಿಸುವವರೇ ಇಲ್ಲದ ಸಾಲಿನಲ್ಲಿ ಎಲೆ ಹಾಕಿ ಕುಳಿತವರಂತೆ, ಎಷ್ಟು ಕಾದರೂ ಫಲ ಕಾಣುವುದಿಲ್ಲ. ಕೂರುವುದಕ್ಕೂ ಕ್ರಮವುಂಟು. ಚಾನೆಲ್ ಎಂದರೆ ಪ್ರೊಸೆಸರಿನಿಂದ ಸ್ಮೃತಿಗೆ ಸಾಗುವ ದಾರಿ. ಪ್ರತಿ ಪ್ರೊಸೆಸರಿಗೆ ಅಂಥ ಮೂರು ದಾರಿಗಳಿರುವುದರಿಂದ, ಬಿಳಿ ಚಿಲಕವಿರುವ ಮೊದಲ ಸ್ಲಾಟುಗಳು ತುಂಬಿದ ಮೇಲೆಯೇ ಕಪ್ಪು ಚಿಲಕದವುಗಳ ಸರದಿ ಬರುತ್ತದೆ.

ಅತಿಥಿಯ ಕುಲಗೋತ್ರದ ವಿಚಾರಣೆ ಇದಕ್ಕಿಂತ ಬಿಗಿಯಾದುದು. ಈ ಸರ್ವರಿಗೆ ಬೇಕಾದುದು ಡಿಡಿಆರ್3 ತಲೆಮಾರಿನ ರ‍್ಯಾಮ್. ಹಿಂದಿನ ಡಿಡಿಆರ್2ಕ್ಕೂ ಇದರಂತೆಯೇ 240 ಕಾಲುಗಳಿದ್ದರೂ, ಅಂಚಿನಲ್ಲಿರುವ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಒಳಗೆ ಇಳಿಯದು. ಡಿಡಿಆರ್4ಕ್ಕಂತೂ 288 ಕಾಲು. ಇಷ್ಟು ಹೊಂದಿದರೂ ಪಟ್ಟಿಯ ಮೇಲೆ ಅಂಟಿಸಿದ ಚೀಟಿಯನ್ನು ಕೊನೆಯಕ್ಷರದ ತನಕ ಓದಬೇಕು. ‘ಪಿಸಿ3-10600ಆರ್’ ಎಂಬುದರ ಕೊನೆಯ ‘ಆರ್’, ಸಂಕೇತಗಳನ್ನು ನಡುವೆ ನಿಂತು ದಾಟಿಸುವ ರಿಜಿಸ್ಟರ್ ಎಂಬ ಚಿಪ್ಪು ಅದರಲ್ಲಿದೆಯೆಂದು ಸಾರಿದರೆ, ಆ ಜಾಗದಲ್ಲಿರುವ ‘ಇ’ ಅಂಥ ಮಧ್ಯಸ್ಥನಿಲ್ಲವೆಂದು ಹೇಳುತ್ತದೆ; ಇವೆರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಸರ್ವರು ಊಟಕ್ಕೇ ಏಳುವುದಿಲ್ಲ. ಎರಡರಲ್ಲೂ ಇರುವ ಇಸಿಸಿ ಎಂಬ ಏರ್ಪಾಡು 64 ಬಿಟ್‌ಗಳ ಬೆನ್ನಿಗೆ ಇನ್ನೂ 8 ಬಿಟ್‌ಗಳನ್ನು ಶಾನುಭೋಗನಂತೆ ಕೂರಿಸಿ, ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿ, ಎರಡು ತಪ್ಪಿದರೆ ಕೂಗಿ ಹೇಳುತ್ತದೆ. ರಿಜಿಸ್ಟರ್ ಇರುವ ಪಟ್ಟಿಗಳು ಮನೆಯ ಸಾಮಾನ್ಯ ಕಂಪ್ಯೂಟರಿನಲ್ಲಿ ನಡೆಯದ ಕಾರಣ, ಕಚೇರಿಗಳು ಕೈಬಿಟ್ಟ ಮೇಲೆ ಅವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಅಗ್ಗಕ್ಕೆ ಸಿಗುತ್ತವೆ.

ಪ್ರತಿಷ್ಠಾಪನೆಯ ವಿಧಿ ಸರಳವಾದರೂ ಮಡಿ ಕಡ್ಡಾಯ. ವಿದ್ಯುತ್ ತಂತಿ ಕಿತ್ತು, ಮೈಯ ಸ್ಥಾಯಿ ವಿದ್ಯುತ್ತು ಇಳಿಯುವಂತೆ ಪೆಟ್ಟಿಗೆಯ ಬರಿಲೋಹವನ್ನು ಮುಟ್ಟಿ, ಕಪ್ಪಿಟ್ಟ ಚಿನ್ನದ ಕಾಲುಗಳನ್ನು ಶಾಲಾಮಕ್ಕಳ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪಟ್ಟಿಯನ್ನು ಎರಡೂ ಹೆಬ್ಬೆರಳುಗಳಿಂದ ಒತ್ತಬೇಕು. ಎರಡು ತುದಿಯ ಚಿಲಕಗಳೂ ಟಕ್ಕೆನ್ನಬೇಕಾದಲ್ಲಿ, ಒಂದರ ಸದ್ದಿಗೇ ಧನ್ಯರಾಗಿ ಮುಚ್ಚಳ ಹಾಕುವವರ ಸಂಖ್ಯೆ ಕಡಿಮೆಯಿಲ್ಲ. ಗುಂಡಿ ಒತ್ತಿದೊಡನೆ ಫ್ಯಾನುಗಳು ರೈಸ್‌ಮಿಲ್ಲಿನಂತೆ ಮೊರೆಯುತ್ತವೆ. ಹೊಸಬರನ್ನು ಸರ್ವರು ಒಬ್ಬೊಬ್ಬರಾಗಿ ಪರೀಕ್ಷಿಸುವ ಆ ಕೆಲವು ನಿಮಿಷಗಳಲ್ಲಿ ತೆರೆಯ ಮೇಲೆ ಏನೂ ಮೂಡದಿರುವುದನ್ನು ಕಂಡು, ನಾಸ್ತಿಕರೂ ಮನೆದೇವರನ್ನು ನೆನೆಯುತ್ತಾರೆ.

ಹದಿನೆಂಟೂ ಸ್ಲಾಟುಗಳನ್ನು ತುಂಬಿಸಿದವರಿಗೆ ಸರ್ವರು ಕೊಡುವ ಉಡುಗೊರೆ ವಿಚಿತ್ರವಾದುದು: ಒಂದೊಂದು ಚಾನೆಲಿನಲ್ಲಿ ಮೂರು ಪಟ್ಟಿಗಳು ಕುಳಿತೊಡನೆ, 1333 ಮೆಗಾಹರ್ಟ್ಸ್‌ನ ಪಟ್ಟಿಗಳೂ 800ಕ್ಕೆ ಇಳಿದುಬಿಡುತ್ತವೆ. ಆದರೂ ಸ್ಮೃತಿ ಸಾಲದೆ ಪ್ರತಿ ತುತ್ತಿಗೂ ಡಿಸ್ಕ್ ಎಂಬ ದೂರದ ಕಣಜಕ್ಕೆ ಓಡುವುದಕ್ಕಿಂತ, ನಿಧಾನವಾಗಿ ಸಾಗುವ ತುಂಬಿದ ಪಂಕ್ತಿಯೇ ಮೇಲು. ಅಗತ್ಯವಿಲ್ಲದವರು ಮಾತ್ರ ಹನ್ನೆರಡಕ್ಕೆ ನಿಲ್ಲಿಸುವುದು ಜಾಣತನ. ಪೇಟೆಗೆ ಹೊರಡುವ ಮೊದಲು ಮುಚ್ಚಳ ತೆಗೆದು, ಖಾಲಿ ಸ್ಲಾಟುಗಳನ್ನು ಎಣಿಸಿ, ಒಳಗಿರುವ ಪಟ್ಟಿಯ ಚೀಟಿಯನ್ನು ಅಕ್ಷರ ಬಿಡದೆ ಬರೆದುಕೊಂಡವರು ಒಂದೇ ಸಲಕ್ಕೆ ಕೆಲಸ ಮುಗಿಸುತ್ತಾರೆ. ಉಳಿದವರನ್ನು ಅಂಗಡಿಯವರು ಹೆಸರು ಹಿಡಿದು ಕರೆದು ಚಹಾ ತರಿಸುತ್ತಾರೆ.