ಪರ್ವತೋ ಭಲ್ಲೂಕವಾನ್: ವಸಂತಕಾಲದ ಟ್ರೇಲರ್ ವಾಸವನ್ನು ಕುರಿತ ಒಂದು ತಾರ್ಕಿಕ ವಿಚಾರ

ಶಾಸ್ತ್ರಗ್ರಂಥ ಶುರುವಾಗುವ ಮೊದಲು ನಾಲ್ಕು ಸಂಗತಿ ಇತ್ಯರ್ಥವಾಗಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇಲ್ಲಿನ ವಿಷಯ, ಏಪ್ರಿಲ್-ಮೇ ತಿಂಗಳಲ್ಲಿ ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಅಮೆರಿಕದ ಯೆಲ್ಲೋಸ್ಟೋನ್ ಬೆಟ್ಟಗಳಿಗೆ ಹೋಗಿ ಕರಡಿ, ತೋಳ, ಬೈಸನ್‌ಗಳನ್ನು ನೋಡುವುದು. ಪ್ರಯೋಜನ ಇನ್ನೂ ಸಿದ್ಧವಾಗಿಲ್ಲ. ಸಂಬಂಧ, ಕಾರಿಗೂ ಟ್ರೇಲರಿಗೂ ನಡುವೆ ಇರುವ ಒಂದು ಕಬ್ಬಿಣದ ಗುಂಡು ಮತ್ತು ಎರಡು ಸರಪಳಿ. ಅಧಿಕಾರಿ ಯಾರೆಂದರೆ, ಬೆಳಗಿನ ಜಾವ ನಾಲ್ಕಕ್ಕೆ ಏಳಬಲ್ಲವನು, ಎದ್ದದ್ದು ಕರಡಿಗಾಗಿಯೋ ಬ್ಯಾಟರಿ ಸತ್ತದ್ದಕ್ಕೋ ಎಂದು ಯಾರಾದರೂ ಕೇಳಿದರೆ ಸಿಟ್ಟಾಗದವನು.

ಇನ್ನು ದೇಶವಿಚಾರ. 1872ರಲ್ಲಿ ಘೋಷಿತವಾದ ಯೆಲ್ಲೋಸ್ಟೋನ್ ಉದ್ಯಾನ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಹೆಸರಾದದ್ದು. ವಿಸ್ತೀರ್ಣ ಸುಮಾರು 9,000 ಚದರ ಕಿಲೋಮೀಟರ್. ಬಹುಪಾಲು ವಯೋಮಿಂಗ್ ರಾಜ್ಯದಲ್ಲಿದೆ, ಅಂಚುಗಳು ಮೊಂಟಾನಾ, ಐಡಹೊಗಳಿಗೆ ಚಾಚಿವೆ. ಇಷ್ಟು ದೊಡ್ಡ ಸೀಮೆಯಲ್ಲಿ ಮಾಮೂಲಿ ಕಾರುಗಳಿಗೆ ವರ್ಷವಿಡೀ ತೆರೆದಿರುವ ದಾರಿ ಒಂದೇ ಒಂದು. ಉತ್ತರದ ಗಾರ್ಡಿನರ್ ಊರಿನಿಂದ ಹೊರಟು ಮ್ಯಾಮತ್, ಟವರ್, ಲಮಾರ್ ಕಣಿವೆಯನ್ನು ಹಾದು ಕುಕ್ ಸಿಟಿ ಸೇರುವ ಸುಮಾರು 90 ಕಿಲೋಮೀಟರ್. ಮಿಕ್ಕ ದಾರಿಗಳು ಏಪ್ರಿಲ್ ಮೂರನೆಯ ಶುಕ್ರವಾರದಿಂದ ಮೇ ಕೊನೆಯವರೆಗೆ ಹಿಮ ಕೆರೆಸಿಕೊಂಡು ಒಂದೊಂದಾಗಿ ತೆರೆಯುತ್ತವೆ. ಕುಕ್ ಸಿಟಿಯ ಆಚೆ 3,337 ಮೀಟರ್ ಎತ್ತರದ ಬೇರ್‌ಟೂತ್ ಘಟ್ಟವಿದೆ. ಅದು ಸಾಮಾನ್ಯವಾಗಿ ಮೇ ಕೊನೆವಾರದವರೆಗೂ ಹಿಮದಡಿ. ಅಂದಮೇಲೆ ವಸಂತದ ಶುರುವಿನಲ್ಲಿ ಕುಕ್ ಸಿಟಿಗೆ ಹೋದವನು ಸಾಮಾನ್ಯವಾಗಿ ಅಲ್ಲೇ ಟ್ರೇಲರ್ ತಿರುಗಿಸಬೇಕು. ಹಿಮ್ಮುಖ ಚಲಿಸುವಾಗ ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ ತಿರುಗಬೇಕು. ಹಿಂದೆ ನಿಂತ ಹೆಂಡತಿ ಹೇಳುವ ‘ಅಲ್ಲ, ಅಲ್ಲ’ ಎಂಬ ಮಾತೊಂದರಿಂದಲೇ ಸತ್ಯವನ್ನು ಸಮೀಪಿಸುವ ಈ ವಿಧಾನಕ್ಕೆ ಉಪನಿಷತ್ತಿನಷ್ಟು ಹಳೆಯ ಪರಂಪರೆಯಿದೆ.

ಕಾಲದ ಬಗ್ಗೆ ಪೂರ್ವಪಕ್ಷಿಯ ಆಕ್ಷೇಪ ಸಹಜ: ‘ಜುಲೈನಲ್ಲಿ ಹಾಯಾಗಿ ಹೋಗಬಾರದೇ?’ ನಮ್ಮ ಕವಿಗಳ ವಸಂತದಲ್ಲಿ ಮಾವು ಚಿಗುರುತ್ತದೆ, ಕೋಗಿಲೆ ಕೂಗುತ್ತದೆ. ಯೆಲ್ಲೋಸ್ಟೋನಿನ ವಸಂತದಲ್ಲಿ ಚಳಿಗೆ ಸತ್ತ ಬೈಸನ್ ಹಿಮ ಕರಗಿದ ಹಾಗೆ ಹೊರಗೆ ಬರುತ್ತದೆ. ಇದು ಕಾವ್ಯಕ್ಕೆ ಹಾನಿ, ಕರಡಿಗೆ ಹಬ್ಬ. ಗಂಡು ಗ್ರಿಜ್ಲಿಗಳು ಮಾರ್ಚ್‌ನಲ್ಲೇ ಗುಹೆ ಬಿಡುತ್ತವೆ, ಮರಿಗಳಿರುವ ತಾಯಂದಿರು ಏಪ್ರಿಲ್-ಮೇನಲ್ಲಿ. ತಿಂಗಳುಗಟ್ಟಲೆ ಉಪವಾಸ ಮುಗಿಸಿದವರಿಗೆ ಚಳಿಗಾಲವೇ ಎಲ್ಕ್ ಮತ್ತು ಬೈಸನ್ ಹೆಣಗಳನ್ನು ತಣ್ಣಗೆ ಕಾದಿಟ್ಟಿರುತ್ತದೆ. ಬೈಸನ್ ಕರುಗಳು ಕಿತ್ತಳೆಗೆಂಪು ಮೈಯಲ್ಲಿ ಹುಟ್ಟುವುದೂ ಈಗಲೇ. ಮೇಲಿನ ಬೆಟ್ಟಗಳಲ್ಲಿ ಇನ್ನೂ ಹಿಮ, ಕೆಳಗಿನ ಕಣಿವೆಯಲ್ಲಿ ಹೊಸ ಹುಲ್ಲು. ಮೇಯುವವರು ಹುಲ್ಲಿರುವಲ್ಲಿ, ತಿನ್ನುವವರು ಮೇಯುವವರಿರುವಲ್ಲಿ, ರಸ್ತೆಯೂ ಅಲ್ಲೇ. ಜುಲೈ ಹೊತ್ತಿಗೆ ಬಹಳಷ್ಟು ಪ್ರಾಣಿಗಳು ಮೇಲೇರಿರುತ್ತವೆ, ಕಣಿವೆಯಲ್ಲಿ ಪ್ರವಾಸಿಗಳು ತುಂಬಿರುತ್ತಾರೆ.

‘ಹಾಗಾದರೆ ಡೇರೆ ಸಾಲದೇ, ಟ್ರೇಲರ್ ಯಾಕೆ?’ ಇದಕ್ಕೆ ಉದ್ಯಾನದ ನಿಯಮವೇ ಉತ್ತರ. ಕರಡಿಗಳ ಓಡಾಟ ಹೆಚ್ಚಿರುವ ಫಿಶಿಂಗ್ ಬ್ರಿಜ್ ತಂಗುದಾಣದಲ್ಲಿ ಬಟ್ಟೆಯ ಗೋಡೆಗೆ ಪ್ರವೇಶವಿಲ್ಲ. ಗಟ್ಟಿ ಗೋಡೆಯ ಬಂಡಿಗಳಿಗೆ ಮಾತ್ರ ಜಾಗ. ಮೇಲ್ಭಾಗಕ್ಕೆ ಕ್ಯಾನ್ವಾಸ್ ಇರುವ ಟ್ರೇಲರ್ ಕೂಡ ಸಲ್ಲದು. ಟ್ರೇಲರಿನ ಗೌರವಕ್ಕೆ ಇನ್ನೂ ದೊಡ್ಡ ಪೂರ್ವನಿದರ್ಶನವುಂಟು. 1969ರಲ್ಲಿ ಚಂದ್ರನಿಂದ ಮರಳಿದ ಮೂವರನ್ನು ಅಮೆರಿಕ ಕೂಡಿಹಾಕಿದ್ದು ಏರ್‌ಸ್ಟ್ರೀಮ್ ಕಂಪನಿಯ ಟ್ರೇಲರನ್ನೇ ಮಾರ್ಪಡಿಸಿ ಮಾಡಿದ ಪೆಟ್ಟಿಗೆಯಲ್ಲಿ. ರಾಷ್ಟ್ರಾಧ್ಯಕ್ಷ ನಿಕ್ಸನ್ ಆ ಮೂವರೊಡನೆ ಮಾತಾಡಿದ್ದು ಕಿಟಕಿಯ ಗಾಜಿನಾಚೆಯಿಂದ. ಟ್ರೇಲರಿನೊಳಗೆ ಇರುವವರೇ ನೋಡತಕ್ಕ ಜೀವಿಗಳು ಎಂಬ ವಾದಕ್ಕೆ ಇದು ಬಲ ಕೊಡುತ್ತದಾದರೂ ಅದು ಈ ಗ್ರಂಥದ ವ್ಯಾಪ್ತಿಗೆ ಹೊರಗು.

ಈಗ ಮುಖ್ಯ ಪ್ರಮೇಯ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸುವುದು ನಮ್ಮ ತಾರ್ಕಿಕರು ತಲೆತಲಾಂತರದಿಂದ ಕೊಟ್ಟು ಸವೆಸಿದ ಉದಾಹರಣೆ. ಬೆಟ್ಟ ಇಲ್ಲೂ ಇದೆ. ಹೊಗೆಯ ಜಾಗದಲ್ಲಿ ನಿಂತ ಕಾರುಗಳಿವೆ. ಐದು ಅವಯವಗಳಲ್ಲಿ ಹೇಳುವುದಾದರೆ ಹೀಗೆ. ಪ್ರತಿಜ್ಞೆ: ಈ ಪರ್ವತದಲ್ಲಿ ಕರಡಿಯಿದೆ. ಹೇತು: ಕಾರುಗಳು ನಿಂತಿರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಕಾರುಗಳು ನಿಂತಿರುತ್ತವೋ ಅಲ್ಲಲ್ಲಿ ಕರಡಿ, ನಿನ್ನೆ ಟವರ್ ಬಳಿ ಇದ್ದ ಹಾಗೆ. ಉಪನಯ: ಇಲ್ಲೂ ಹಾಗೇ ನಿಂತಿವೆ. ನಿಗಮನ: ರೀ, ನಿಲ್ಲಿಸಿ.

ಈ ಉದ್ಯಾನದಲ್ಲಿ ಯಾರೂ ಪ್ರಾಣಿಯನ್ನು ಹುಡುಕುವುದಿಲ್ಲ, ಹುಡುಕುವವರನ್ನು ಹುಡುಕುತ್ತಾರೆ ಎಂಬುದೇ ಈ ಗ್ರಂಥದ ಸಿದ್ಧಾಂತ. ಆದರೆ ವ್ಯಾಪ್ತಿ, ಅಂದರೆ ಕಾರು ನಿಂತಲ್ಲೆಲ್ಲ ಕರಡಿಯೆಂಬ ನಿಯಮ, ಅಷ್ಟು ಸುಲಭವಲ್ಲ. ಮಗುವಿಗೆ ವಾಂತಿಯಾದರೂ ಕಾರು ನಿಲ್ಲುತ್ತದೆ. ಅದನ್ನು ನೋಡಿ ಇನ್ನೊಂದು, ಇನ್ನೊಂದನ್ನು ನೋಡಿ ಮತ್ತೊಂದು. ಇದು ಸವ್ಯಭಿಚಾರವೆಂಬ ಹೇತ್ವಾಭಾಸ. ಹಸಿ ಸೌದೆಯಿದ್ದರೆ ಮಾತ್ರ ಬೆಂಕಿಗೆ ಹೊಗೆ ಬರುವಂತೆ, ಇಲ್ಲೂ ಒಂದು ಉಪಾಧಿ ಬೇಕು. ಕಾರು ನಿಂತರೆ ಸಾಲದು, ಟ್ರೈಪಾಡ್ ನಿಂತಿರಬೇಕು, ಅದರ ಮೇಲೆ ಸ್ಕೋಪ್ ಇರಬೇಕು, ಸ್ಕೋಪಿನ ಹಿಂದೆ ಮಡಚುವ ಕುರ್ಚಿಯಲ್ಲಿ ಥರ್ಮಾಸ್ ಹಿಡಿದ ನಿವೃತ್ತರೊಬ್ಬರು ಕೂತಿರಬೇಕು. ಅನುಭವಿಗಳು ಇದರಿಂದ ದೂರವನ್ನೂ ಅಳೆಯುತ್ತಾರೆ. ಸ್ಕೋಪುಗಳು ಹೆಚ್ಚಿದ್ದರೆ ತೋಳ, ಅದೂ ಎದುರು ಬೆಟ್ಟದ ಚುಕ್ಕೆ. ಸ್ಕೋಪೇ ಇಲ್ಲದೆ ರೇಂಜರ್ ಒಬ್ಬ ಕೈ ಬೀಸುತ್ತ ಎಲ್ಲರನ್ನೂ ಕಾರಿನೊಳಗೆ ಅಟ್ಟುತ್ತಿದ್ದರೆ ಕರಡಿ, ಅದೂ ರಸ್ತೆಗೇ ಬಂದದ್ದು. ಗಂಟೆಗಟ್ಟಲೆ ಅಲ್ಲಾಡದ ಕರಡಿಯನ್ನು ‘ಬಂಡೆ’ ಎಂಬ ಉಪಜಾತಿಯಾಗಿ ಪರಿಗಣಿಸಬೇಕು. ಲಮಾರ್ ಕಣಿವೆಯಲ್ಲಿ ಈ ಉಪಜಾತಿ ಹೇರಳವಾಗಿದ್ದು, ಎಲ್ಲರ ಫೋಟೋಗಳಲ್ಲೂ ಅತ್ಯಂತ ಸ್ಪಷ್ಟವಾಗಿ ಮೂಡುತ್ತದೆ.

ಬಾಧಿತವೆಂಬ, ಅಂದರೆ ಬೇರೆ ಪ್ರಮಾಣವೇ ಸುಳ್ಳಾಗಿಸುವ, ಇನ್ನೊಂದು ಹೇತ್ವಾಭಾಸದ ಬಗ್ಗೆ ನಗಲಾಗದು. 2016ರ ಮೇ ತಿಂಗಳಲ್ಲಿ ಪ್ರವಾಸಿಗಳು ಬೈಸನ್ ಕರುವೊಂದಕ್ಕೆ ಚಳಿಯಾಗಿರಬೇಕೆಂದು ಅದನ್ನು ಕಾರಿನಲ್ಲಿ ಹಾಕಿಕೊಂಡು ರೇಂಜರ್‌ಗಳ ಬಳಿ ತಂದರು. ನನಗೆ ಚಳಿ, ಆದ್ದರಿಂದ ಕರುವಿಗೂ ಚಳಿ ಎಂಬ ಅನುಮಾನ. ಕರುವನ್ನು ಹಿಂಡಿಗೆ ಸೇರಿಸುವ ಪ್ರಯತ್ನಗಳು ವಿಫಲವಾದವು. ಅದು ಮತ್ತೆ ಮತ್ತೆ ಜನರ ಕಡೆಗೆ, ಕಾರುಗಳ ಕಡೆಗೆ ಬರತೊಡಗಿದಾಗ ಕೊನೆಗೆ ಉದ್ಯಾನದವರೇ ಅದರ ಜೀವ ತೆಗೆಯಬೇಕಾಯಿತು. ಕರಡಿ, ತೋಳಗಳಿಂದ 91 ಮೀಟರ್, ಬೈಸನ್, ಎಲ್ಕ್‌ಗಳಿಂದ 23 ಮೀಟರ್ ದೂರವಿರಿ ಎಂಬ ನಿಯಮವನ್ನು ಇಲ್ಲಿ ಬಾಗಿಲುಬಾಗಿಲಿಗೆ ಅಂಟಿಸಿರುವುದು ಇಂಥ ತರ್ಕಕ್ಕೆ ಹೆದರಿಯೇ. 900 ಕಿಲೋ ತೂಗುವ ಗಂಡು ಬೈಸನ್ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಮನುಷ್ಯನ ವೇಗವನ್ನು ಇಲ್ಲಿ ಬರೆದು ಅವಮಾನ ಮಾಡುವುದಿಲ್ಲ.

ಶಬ್ದಪ್ರಮಾಣವೂ ಉಂಟು, ಅಂದರೆ ಆಪ್ತವಾಕ್ಯ. ಉದ್ಯಾನದ ಕೊನೆಯ ತೋಳಗಳನ್ನು 1926ರಲ್ಲಿ ಕೊಂದ ಸರ್ಕಾರವೇ 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟಿತು. ಅಂದಿನಿಂದ ರಸ್ತೆಯಂಚಿನಲ್ಲಿ ಒಂದು ಹೊಸ ಪೌರಾಣಿಕ ಸಂಪ್ರದಾಯ ಬೆಳೆದಿದೆ. ದಶಕಗಳ ಕಾಲ ಅಲ್ಲಿ ನಿಂತು ನೋಡಿದ ರಿಕ್ ಮೆಕಿಂಟೈರ್ ಅವರು ತೋಳ 8, ತೋಳ 21 ಎಂದು ನಾಯಕರನ್ನು ಆರಿಸಿ ಒಬ್ಬೊಬ್ಬರ ಮೇಲೆ ಒಂದೊಂದು ಪುಸ್ತಕ ಬರೆದಿದ್ದಾರೆ. ವಂಶಾವಳಿ, ದಾಯಾದಿ ಕಲಹ, ಪರರಾಜ್ಯಾಕ್ರಮಣ, ಸ್ವಯಂವರ ಎಲ್ಲವೂ ಅವುಗಳಲ್ಲುಂಟು. ಈ ಸಂಪ್ರದಾಯದವರು ಕೈಯಲ್ಲಿನ ವಾಕಿಟಾಕಿಯಲ್ಲಿ ಪರಸ್ಪರ ಸುದ್ದಿ ಮುಟ್ಟಿಸುತ್ತಾರೆ. ಇವರಿಗೆ ನಮಸ್ಕಾರ ಮಾಡಿ ಪಕ್ಕದಲ್ಲಿ ನಿಂತರೆ ತಮ್ಮ ಸ್ಕೋಪಿನಲ್ಲೇ ತೋರಿಸುವಷ್ಟು ಉದಾರಿಗಳು. ತೊಡಕೆಂದರೆ, ಪಕ್ಕದಲ್ಲಿ ನಿಲ್ಲುವುದು.

ಏಕೆಂದರೆ ಕಾರು, ಟ್ರೇಲರ್ ಸೇರಿ ಸುಮಾರು 40 ಅಡಿ. ರಸ್ತೆಯಂಚಿನ ನಿಲುಗಡೆ ಜಾಗಗಳು ಪುಟ್ಟವು, ಕರಡಿ ಬಂದ ಹೊತ್ತಿನಲ್ಲಂತೂ ಭರ್ತಿ. ರಸ್ತೆಯ ಮಧ್ಯದಲ್ಲಿ ನಿಲ್ಲಿಸುವಂತಿಲ್ಲ. ಹಿಂದಕ್ಕೆ ಬರುವುದರ ವಿಧಾನವನ್ನು ಆಗಲೇ ಹೇಳಿದೆ. ಹೀಗಾಗಿ ಟ್ರೇಲರ್ ಯಜಮಾನನಿಗೆ ಕರಡಿ ಅನುಮಾನದಿಂದ ಸಿದ್ಧ, ಶಬ್ದದಿಂದ ಸಿದ್ಧ, ಪ್ರತ್ಯಕ್ಷದಿಂದ ಮಾತ್ರ ಎಂದೆಂದಿಗೂ ಅಸಿದ್ಧ. ‘ಟ್ರೇಲರನ್ನು ತಂಗುದಾಣದಲ್ಲೇ ಬಿಚ್ಚಿಟ್ಟು ಕಾರಿನಲ್ಲಿ ಹೋಗಲಿ’ ಎನ್ನುವವರು ಟ್ರೇಲರನ್ನು ಒಮ್ಮೆಯೂ ಬಿಚ್ಚಿದವರಲ್ಲ. ಚಕ್ರಕ್ಕೆ ಅಡ್ಡಗಟ್ಟೆ, ಒಂದು ಪಕ್ಕಕ್ಕೆ ಹಲಗೆ, ಜಾಕ್, ಮಟ್ಟಗೋಲು, ಬೆರಳು ಮರಗಟ್ಟಿಸುವ ಗಾಳಿ. ಒಮ್ಮೆ ಕಟ್ಟಿದ್ದನ್ನು ಬಿಚ್ಚದಿರುವುದೇ ಗೃಹಸ್ಥಧರ್ಮವೆಂದು ಯಜಮಾನ ನಿರ್ಧರಿಸಿರುತ್ತಾನೆ.

ರಾತ್ರಿಯ ಪ್ರಕರಣವನ್ನು ಸಂಕ್ಷೇಪಿಸುತ್ತೇನೆ. ಪ್ರೊಪೇನ್ ಅನಿಲ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುವುದರಿಂದ ಒಲೆ ಉರಿಯುತ್ತದೆ, ಹೀಟರ್ ಉರಿಯುತ್ತದೆ. ಆದರೆ ಹೀಟರಿನ ಫ್ಯಾನ್ ತಿರುಗುವುದು 12 ವೋಲ್ಟ್ ಬ್ಯಾಟರಿಯಿಂದ, ಬ್ಯಾಟರಿ ಚಳಿಗೆ ಸೋಲುತ್ತದೆ. ಮ್ಯಾಮತ್ ತಂಗುದಾಣದಲ್ಲಿ ಕರೆಂಟಿನ ಸಂಪರ್ಕವಿಲ್ಲ, ರಾತ್ರಿ ಜನರೇಟರ್ ಹಾಕುವಂತಿಲ್ಲ. ನೀರಿನ ಪೈಪಿಗೆ ಹೆಪ್ಪುಗಟ್ಟದಂತೆ ಗುಲಾಬಿ ಬಣ್ಣದ ದ್ರವ ತುಂಬಿದ್ದರಿಂದ ನಲ್ಲಿಯಲ್ಲಿ ನೀರಿಲ್ಲ. ಸುಮಾರು 1,900 ಮೀಟರ್ ಎತ್ತರದಲ್ಲಿ ನೀರು 94 ಡಿಗ್ರಿಗೇ ಕುದಿಯುವುದರಿಂದ ಕುಕ್ಕರಿಲ್ಲದೆ ತೊಗರಿಬೇಳೆ ಬೇಗ ಬೇಯುವುದಿಲ್ಲ. ಕುಕ್ಕರ್ ಕೂಗಿದರೆ ಅಕ್ಕಪಕ್ಕದ ಟ್ರೇಲರುಗಳ ಬಾಗಿಲು ಪಟಪಟನೆ ತೆರೆಯುತ್ತವೆ. ಅಮೆರಿಕನ್ನರಿಗೆ ನಮ್ಮ ಕುಕ್ಕರಿನ ವ್ಯಾಪ್ತಿಜ್ಞಾನವಿಲ್ಲ. ಸಾರಿನ ಪಾತ್ರೆಯನ್ನು, ಖಾಲಿಯಾದದ್ದನ್ನೂ, ಹೊರಗಿಡಬಾರದು. ಇಂಗಿನ ವಾಸನೆಗೆ ಗ್ರಿಜ್ಲಿ ಹತ್ತಿರ ಬರುವುದೋ ದೂರ ಹೋಗುವುದೋ ಎಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ. ಬೆಳಿಗ್ಗೆ ಬೈಸನ್ ಹಿಂಡು ಕಿಟಕಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಕಿಟಕಿಯ ಮೇಲೆ ಸಾರಿನ ಹಬೆ ನೀರಾಗಿ ಕೂತಿರುತ್ತದೆ.

ಸಿದ್ಧಾಂತಕ್ಕೆ ತೊಂದರೆ ಕೊಡುವ ಒಂದು ನಿದರ್ಶನವನ್ನು ಕಲ್ಪಿಸಿಕೊಂಡು ಪರೀಕ್ಷಿಸೋಣ. ಸಿಯಾಟಲ್‌ನ ಕನ್ನಡ ಕುಟುಂಬ. ಊರಿನಿಂದ ಆರು ತಿಂಗಳಿಗೆ ಬಂದ ಅತ್ತೆ ಹಿಂದಿನ ಸೀಟಿನಲ್ಲಿ. ಲಮಾರ್‌ನ ಖಾಲಿ ರಸ್ತೆಯಲ್ಲಿ ಅವರೆಂದರು:

‘ಅಳಿಯಂದಿರೇ, ಅಲ್ಲಿ ಸತ್ತ ಕೋಣದ ಪಕ್ಕ ಯಾರೋ ಕಂಬಳಿ ಹೊದ್ದು ಕೂತಿದ್ದಾರಲ್ಲ, ಪಾಪ, ಈ ಚಳೀಲಿ.’

‘ಇಲ್ಲಿ ಒಂದು ಕಾರೂ ನಿಂತಿಲ್ಲ ಅತ್ತೆ. ಏನೂ ಇರೋಕೆ ಸಾಧ್ಯವಿಲ್ಲ.’

ತರ್ಕದ ದೃಷ್ಟಿಯಿಂದ ಅಳಿಯನ ಮಾತು ನಿರ್ದುಷ್ಟ. ಹೇತುವಿಲ್ಲದೆ ಸಾಧ್ಯವಿಲ್ಲ. ಕಂಬಳಿ ಎದ್ದು ನಾಲ್ಕು ಕಾಲಿನಲ್ಲಿ ನಡೆಯಿತೆಂದು ಅತ್ತೆ ಆಮೇಲೆ ಸೇರಿಸಿದರಾದರೂ ಕಾರು ಆಗಲೇ ಒಂದು ಕಿಲೋಮೀಟರ್ ಮುಂದಿತ್ತು.

ಸ್ವಲ್ಪ ಮುಂದೆ ವಿಶಾಲವಾದ ಜಾಗವೊಂದು ಸಿಕ್ಕಿ, ಟ್ರೇಲರಿನ ಟಯರಿನ ಗಾಳಿ ನೋಡಲೆಂದು ಅಳಿಯ ಇಳಿದು ಬಗ್ಗಿದ. ಹಿಂದೆ ಒಂದು ಕಾರು ನಿಂತಿತು. ಆಮೇಲೆ ಮೂರು. ಟ್ರೈಪಾಡುಗಳು ಎದ್ದವು. ‘ಏನು ಸಿಕ್ಕಿತು?’ ಎಂದು ಒಬ್ಬರು ಪಿಸುದನಿಯಲ್ಲಿ ಕೇಳಿದರು, ಅಲ್ಲಿನ ಕುಶಲಪ್ರಶ್ನೆಯೇ ಅದು. ‘ಟಯರು’ ಎಂದ. ಅಷ್ಟರಲ್ಲಿ ಎದುರಿನ ಇಳಿಜಾರಿನಲ್ಲಿ ನಿಜವಾಗಿಯೇ ಎರಡು ತೋಳಗಳು ಸ್ಕೋಪಿಗೆ ಸಿಕ್ಕವು. ಸುಳ್ಳು ಹೇತುವಿನಿಂದ ನಿಜವಾದ ಸಾಧ್ಯ ಸಿದ್ಧಿಸುವುದನ್ನು ಘುಣಾಕ್ಷರನ್ಯಾಯವೆನ್ನಬೇಕೋ ಕಾಕತಾಳೀಯನ್ಯಾಯವೆನ್ನಬೇಕೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಅಳಿಯ ಕೈ ಒರೆಸಿಕೊಂಡು ಸ್ಕೋಪಿನ ಸಾಲಿಗೆ ಬರುವಾಗ ತೋಳಗಳು ಗುಡ್ಡದಾಚೆ ಇಳಿದಿದ್ದವು. ಅತ್ತೆ ನೋಡಿದ್ದರು. ಸುದ್ದಿ ವಾಕಿಟಾಕಿಗಳಲ್ಲಿ ಹರಡಿತು. ಕುಕ್ ಸಿಟಿಯಿಂದ ಸಂಜೆ ಅದೇ ದಾರಿಯಲ್ಲಿ ಮರಳುವ ಹೊತ್ತಿಗೆ ಆ ಜಾಗದ ತುಂಬ ಕಾರುಗಳು ನಿಂತಿದ್ದವು, ಟ್ರೇಲರಿಗೆ ಎಡೆಯಿರಲಿಲ್ಲ.