ಮೊದಲು ಮನೆಗೆ ಹೋಗುವ ದಾರಿ ಬರೆಯಿರಿ

ಸೂರ್ಯನಗರದ ಹೊಸ ಕ್ರಿಕೆಟ್ ಕ್ರೀಡಾಂಗಣದ ನಕ್ಷೆ ಬರೆಯಲಿರುವ ಎಂಜಿನಿಯರ್ ಮಹನೀಯರಿಗೆ,



ನನಗೆ ಗಾಡಿ ಓಡಿಸಲು ಬರುವುದಿಲ್ಲ. ಚಿಕ್ಕಂದಿನಿಂದಲೇ ಎಡಗಣ್ಣಿನ ದೃಷ್ಟಿ ಮಂದ, ಹಾಗಾಗಿ ಲೈಸೆನ್ಸಿನ ಮಾತೇ ಬರಲಿಲ್ಲ. ಈ ಬೆಂಗಳೂರಿನಲ್ಲಿ ನಾನು ನೋಡಿದ ಪ್ರತಿ ಪಂದ್ಯ, ಪ್ರತಿ ನಾಟಕ, ಉಂಡ ಪ್ರತಿ ಮದುವೆಯೂಟಕ್ಕೆ ಬಸ್ಸಿನಲ್ಲಿ ಹೋಗಿದ್ದೇನೆ, ಇಲ್ಲವೇ ನಡೆದು ಹೋಗಿದ್ದೇನೆ. ನಿಮ್ಮ ಕ್ರೀಡಾಂಗಣಕ್ಕೂ ಹಾಗೇ ಬರಬೇಕು. ಅದಕ್ಕೇ ಈ ಪತ್ರ.

ಅಪ್ಪ ನನ್ನನ್ನು ಮೊದಲ ಸಲ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದದ್ದು ಒಂದು ರಣಜಿ ಪಂದ್ಯಕ್ಕೆ. ವಿಶ್ವನಾಥ್ ಆಡುತ್ತಿದ್ದ ಕಾಲ. ಚಾಮರಾಜಪೇಟೆಯಿಂದ ಆಗಿನ ಬಿಟಿಎಸ್ ನಗರ ಬಸ್ಸು ಹತ್ತಿ ಕಾರ್ಪೊರೇಷನ್ ಹತ್ತಿರ ಇಳಿದೆವು. ಕಸ್ತೂರ್ಬಾ ರಸ್ತೆ ಹಿಡಿದು, ಕಬ್ಬನ್ ಪಾರ್ಕಿನ ಮರಗಳ ನೆರಳಿನಲ್ಲಿ ನಡೆದೆವು. ಅಮ್ಮ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಡಬ್ಬಿ ನನ್ನ ಕೈಯಲ್ಲಿತ್ತು. ಆಟ ಮುಗಿದ ಮೇಲೂ ಅದೇ ದಾರಿ, ಅದೇ ನಡಿಗೆ. ವಿಶ್ವನಾಥರ ಸ್ಕ್ವೇರ್ ಕಟ್ ಹೇಗಿತ್ತೆಂದು ಅಪ್ಪ ಕೊಡೆಯನ್ನೇ ಬ್ಯಾಟು ಮಾಡಿಕೊಂಡು ತೋರಿಸಿದ್ದು ಆ ಫುಟ್‌ಪಾತಿನ ಮೇಲೆ. ಅಂದು ನಾವು ನೋಡಿದ ಆಟದಲ್ಲಿ ಆ ನಡಿಗೆಯೂ ಒಂದು ಭಾಗವಾಗಿತ್ತು.

ಆ ಕ್ರೀಡಾಂಗಣದ ಗೇಟಿನ ಹೊರಗೇ 2025ರ ಜೂನ್ 4ರಂದು ಹನ್ನೊಂದು ಜನ ಸತ್ತರು. ಐಪಿಎಲ್ ಕಪ್ ಗೆದ್ದ ತಂಡವನ್ನು ನೋಡಲು ಬಂದವರು ಅವರು. ಸುಮಾರು 35 ಸಾವಿರ ಜನ ಕೂರುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದಿದ್ದರು. ಅಂದು ನಮ್ಮ ಮೆಟ್ರೊದಲ್ಲಿ ಓಡಾಡಿದವರೇ 9 ಲಕ್ಷಕ್ಕೂ ಹೆಚ್ಚು. ಆಮೇಲೆ ನ್ಯಾಯಮೂರ್ತಿ ಮೈಕಲ್ ಕುನ್ಹಾ ಆಯೋಗ ವಿಚಾರಣೆ ನಡೆಸಿತು. ಅಷ್ಟು ದೊಡ್ಡ ಜನಸಂದಣಿಗೆ ಈ ಜಾಗ ತಕ್ಕದ್ದಲ್ಲ, ಗೇಟುಗಳು ನೇರವಾಗಿ ರಸ್ತೆಗೇ ತೆರೆದುಕೊಳ್ಳುತ್ತವೆ, ಸಾಲು ನಿಲ್ಲಲು ಪ್ರತ್ಯೇಕ ಸ್ಥಳವಿಲ್ಲ ಎಂದು ವರದಿ ಕೊಟ್ಟಿತು. ಅದಾದ ಮೇಲೆ ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರೀಡಾಂಗಣದ ಪ್ರಸ್ತಾವಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟ ಸುದ್ದಿ ಬಂತು. 100 ಎಕರೆ ಜಾಗ, 1,650 ಕೋಟಿ ರೂಪಾಯಿ, ಗೃಹ ಮಂಡಳಿಯ ಹಣ.

ಸ್ವಾಮಿ, ವರದಿ ತೋರಿಸಿದ ದೋಷವೇನು? ಜನ ನಿಲ್ಲಲು ಜಾಗವಿಲ್ಲ, ಬರಹೋಗಲು ದಾರಿ ಸಾಲದು ಎಂಬುದು. ಮೈದಾನ ಚಿಕ್ಕದಾಯಿತೆಂದು ಯಾರೂ ಸಾಯಲಿಲ್ಲ. ದಾರಿಯ ದೋಷಕ್ಕೆ ಮದ್ದು ಹುಡುಕದೆ ಆಸನಗಳನ್ನು ಎರಡು ಪಟ್ಟಿಗೂ ಹೆಚ್ಚು ಮಾಡಿ ಊರಿನ ಅಂಚಿಗೆ ಒಯ್ದರೆ, ಚಿನ್ನಸ್ವಾಮಿ ಗೇಟಿನ ಹೊರಗೆ ಕಂಡ ನೂಕುನುಗ್ಗಲು ಹೊಸೂರು ರಸ್ತೆಯಲ್ಲಿ ಕಾಣುತ್ತದೆ.

ಹೊರವಲಯದಲ್ಲಿ ವಿಶಾಲವಾದ ಪಾರ್ಕಿಂಗ್ ಮಾಡುತ್ತೇವಲ್ಲ ಎಂದು ನೀವು ಹೇಳಬಹುದು. ದಯವಿಟ್ಟು ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಕಾರು ನಿಲ್ಲಲು, ತಿರುಗಿಸುವ ಜಾಗವೂ ಸೇರಿ, ಸುಮಾರು 25 ಚದರ ಮೀಟರ್ ಬೇಕು. 80 ಸಾವಿರ ಜನ ಕಾರಿಗೆ ನಾಲ್ವರಂತೆ ಬಂದರೂ 20 ಸಾವಿರ ಕಾರುಗಳಾದವು. ಅವಕ್ಕೆ 5 ಲಕ್ಷ ಚದರ ಮೀಟರ್, ಅಂದರೆ ಸುಮಾರು 124 ಎಕರೆ ಬೇಕು. ನಿಮಗೆ ಸಿಕ್ಕಿರುವ ಜಾಗವೇ 100 ಎಕರೆ. ಪಿಚ್ಚು, ಗ್ಯಾಲರಿ ಯಾವುದನ್ನೂ ಕಟ್ಟದೆ ಇಡೀ ನೆಲಕ್ಕೆ ಕಾಂಕ್ರೀಟು ಹಾಸಿದರೂ ಕಾರುಗಳು ಹಿಡಿಸುವುದಿಲ್ಲ.

ಕಾಂಕ್ರೀಟಿನ ಮಾತು ಬಂದಾಗ ನನಗೆ ಹೊಟ್ಟೆ ಉರಿಯುತ್ತದೆ. ಆಟದ ಹೆಸರಿನಲ್ಲಿ ಈ ಊರು ಎಷ್ಟು ನೀರು ಕಳೆದುಕೊಂಡಿದೆ! ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು. ಸಂಪಂಗಿಯಲ್ಲಿ ಕರಗದ ಆಚರಣೆಗೆಂದು ಒಂದು ಪುಟ್ಟ ಕಲ್ಯಾಣಿ ಮಾತ್ರ ಉಳಿದಿದೆ. ಆನೇಕಲ್ ಸೀಮೆ ಕೆರೆಗಳ ಸೀಮೆ. ಒಂದು ಕೆರೆ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹರಿಯುವಂತೆ ಹಿರಿಯರು ಕಟ್ಟಿದ ಸರಪಳಿ ಅದು. ಅಲ್ಲಿ ಹಾಸುವ ಪ್ರತಿ ಎಕರೆ ಡಾಂಬರಿನ ನೀರೂ ಮಳೆಗಾಲದಲ್ಲಿ ಯಾರದೋ ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ.

ಕಾರು ಹಿಡಿಸದು, ಹಾಗಾದರೆ ರೈಲು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ ಉದ್ಘಾಟನೆಯಾಯಿತು. 19 ಕಿಲೋಮೀಟರು, 16 ನಿಲ್ದಾಣ. ಹೊಸದರಲ್ಲೇ ಹತ್ತಿ ಕೊನೆಯ ನಿಲ್ದಾಣದವರೆಗೂ ಹೋಗಿ ಬಂದೆ, ಖುಷಿಪಟ್ಟೆ. ಆದರೆ ಬೊಮ್ಮಸಂದ್ರದಿಂದ ಸೂರ್ಯನಗರ ನಡೆದು ಹೋಗುವಷ್ಟು ಹತ್ತಿರದಲ್ಲಿಲ್ಲ. ಇನ್ನೊಂದು ಲೆಕ್ಕವೂ ಇದೆ. ಆರು ಬೋಗಿಯ ಮೆಟ್ರೊದಲ್ಲಿ ಒತ್ತಿ ತುಂಬಿದರೆ ಹೆಚ್ಚೆಂದರೆ 2 ಸಾವಿರ ಜನ. ಪ್ರೇಕ್ಷಕರಲ್ಲಿ ಅರ್ಧದಷ್ಟು, 40 ಸಾವಿರ ಜನ, ಮೆಟ್ರೊ ಹಿಡಿದರೆ 20 ರೈಲು ಬೇಕು. ಐದು ನಿಮಿಷಕ್ಕೊಂದು ಬಿಟ್ಟರೆ ನಿಲ್ದಾಣ ಖಾಲಿಯಾಗಲು ಒಂದೂಮುಕ್ಕಾಲು ಗಂಟೆ ಸಾಕು, ಅದನ್ನು ಜನ ಸಹಿಸುತ್ತಾರೆ. ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆ ಲೆಕ್ಕದಲ್ಲಿ ಎಂಟು ಗಂಟೆ ದಾಟಿ ಬೆಳಗಾಗುತ್ತದೆ. ಪಂದ್ಯದ ರಾತ್ರಿಗೆ ಎಷ್ಟು ರೈಲು ಇರುತ್ತದೆಂದು ಮೆಟ್ರೊದವರಿಂದ ಬರೆಸಿಕೊಂಡ ಮೇಲೆಯೇ ಎಷ್ಟು ಆಸನ ಎಂಬುದನ್ನು ನೀವು ತೀರ್ಮಾನಿಸಬೇಕು.

ನಮ್ಮ ಕೈಯಲ್ಲೇ ಇರುವ ಇನ್ನೊಂದು ಹಳಿಯನ್ನು ಯಾರೂ ನೆನೆಸಿಕೊಳ್ಳುತ್ತಿಲ್ಲ. ಬೈಯ್ಯಪ್ಪನಹಳ್ಳಿಯಿಂದ ಹೊಸೂರಿಗೆ ಹೋಗುವ ರೈಲುಮಾರ್ಗ ಕಾರ್ಮೆಲರಾಮ್, ಹೀಲಳಿಗೆ, ಆನೇಕಲ್ ರೋಡ್ ಮೂಲಕ ಹಾದುಹೋಗುತ್ತದೆ. ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟರಲ್ಲ, ಅದರಲ್ಲಿ ಕನಕ ಮಾರ್ಗ ಹೀಲಳಿಗೆಯಿಂದ ರಾಜಾನುಕುಂಟೆಗೆ. 2022ರ ಜೂನ್‌ನಲ್ಲಿ ಯೋಜನೆಯ ಶಂಕುಸ್ಥಾಪನೆ ಆಯಿತು. ಕ್ರೀಡಾಂಗಣದ ಕಡತ ಓಡುವಷ್ಟೇ ವೇಗದಲ್ಲಿ ಆ ಕಡತವೂ ಓಡಲಿ.

ಮುಂಬೈಯ ವಾಂಖೆಡೆ ನೋಡಿ. ಚರ್ಚ್‌ಗೇಟ್ ನಿಲ್ದಾಣ ಪಕ್ಕದಲ್ಲೇ ಇದೆ, ಆಟ ಮುಗಿದರೆ ಜನ ನಡೆದು ಹೋಗಿ ಲೋಕಲ್ ಹತ್ತುತ್ತಾರೆ. ಚೆನ್ನೈಯ ಚೆಪಾಕಿಗೆ ರೈಲು ನಿಲ್ದಾಣ ಅಂಟಿಕೊಂಡಿದೆ. ಅಲ್ಲಿ ಐಪಿಎಲ್ ಟಿಕೆಟ್ ತೋರಿಸಿ ಮೆಟ್ರೊದಲ್ಲಿ ಬೇರೆ ದುಡ್ಡು ಕೊಡದೆ ಓಡಾಡುವ ಏರ್ಪಾಡನ್ನೂ ಮಾಡಿದರು. ಪುಣೆಯವರು ಸ್ವಾರಗೇಟಿನ ಬಳಿಯ ನೆಹರೂ ಕ್ರೀಡಾಂಗಣ ಬಿಟ್ಟು ಎಕ್ಸ್‌ಪ್ರೆಸ್‌ವೇ ಪಕ್ಕದ ಗಹುಂಜೆಗೆ ಹೋದರು. ಕಾರಿಲ್ಲದವನು ಅಲ್ಲಿಂದ ರಾತ್ರಿ ಹೇಗೆ ಮರಳಬೇಕು? ನೀವು ಮೂರೂ ಕಡೆ ಹೋಗಿ, ಆಟ ನೋಡಬೇಡಿ, ಜನ ಹೊರಬರುವುದನ್ನು ನೋಡಿ ಬನ್ನಿ.

ಇದು ನನಗೆ ಅನುಭವದ ಮಾತು. ಒಮ್ಮೆ ಊರಾಚೆಯ ಒಂದು ಮೈದಾನಕ್ಕೆ ತಂಗಿಯ ಮಗಳೊಂದಿಗೆ ಕಾರ್ಯಕ್ರಮ ನೋಡಲು ಹೋಗಿದ್ದೆ. ಮುಗಿದಾಗ ರಾತ್ರಿ ಹನ್ನೊಂದು. ಬಸ್ಸಿಲ್ಲ, ಬೀದಿದೀಪವಿಲ್ಲ, ಚರಂಡಿಯ ಮೇಲಿನ ಚಪ್ಪಡಿಗಳು ಅಲ್ಲಲ್ಲಿ ಬಾಯಿ ತೆರೆದಿದ್ದವು. ನನ್ನ ಕಣ್ಣಿಗೆ ಅವು ಕಾಣುವುದಿಲ್ಲವೆಂದು ಹುಡುಗಿ ನನ್ನ ಕೈ ಹಿಡಿದು, ಬೆನ್ನ ಹಿಂದೆ ಹಾರ್ನು ಹೊಡೆಯುವ ಬೈಕುಗಳಿಗೆ ಹೆದರುತ್ತ ಒಂದು ಗಂಟೆ ನಡೆದಳು. ‘ಮಾವ, ಇನ್ನು ಇಂಥ ಕಡೆಗೆ ಬರೋದು ಬೇಡ’ ಅಂದಳು. ಆಮೇಲೆ ಅವಳು ಎಲ್ಲಿಗೂ ಬರಲಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದೆ. ಅದರ ಜೊತೆಗೆ ಬಸ್ಸಿನವರೆಗೆ ಬೆಳಕಿರುವ ಫುಟ್‌ಪಾತು ಬೇಕು, ಆಟ ಮುಗಿಯುವವರೆಗೆ ಕಾಯುವ ಬಸ್ಸು ಬೇಕು.

ನಕ್ಷೆಗೆ ಸಹಿ ಹಾಕುವ ಮುನ್ನ ಒಂದು ರಾತ್ರಿ ಹನ್ನೊಂದಕ್ಕೆ ಕ್ರೀಡಾಂಗಣದ ಜಾಗದಿಂದ ಬೊಮ್ಮಸಂದ್ರ ನಿಲ್ದಾಣದವರೆಗೆ ನಡೆಯೋಣ ಬನ್ನಿ. ಕಾರನ್ನು ಮನೆಯಲ್ಲೇ ಬಿಟ್ಟು ಬನ್ನಿ. ನಿಮ್ಮ ಮನೆಯ ಹಿರಿಯರೊಬ್ಬರು, ಹತ್ತು ವರ್ಷದ ಮಗುವೊಂದು ಜೊತೆಗಿರಲಿ. ನಾನೂ ಬರುತ್ತೇನೆ. ಟಾರ್ಚು ನನ್ನ ಬಳಿ ಇದೆ.

ಇಂತಿ,
ಚಾಮರಾಜಪೇಟೆಯ ಒಬ್ಬ ಪಾದಚಾರಿ